ಜಪಾನಿನ ಸ್ಲಾಟ್ ಮೆಷಿನ್: ಬಲಗಡೆ ರೀಲ್ ಅದುರುತ್ತೆ, ತಿರುಗಲ್ಲ. ಇಲಿ ಕಡಿದ ಕನೆಕ್ಟರ್ ರಿಪೇರಿ ಹೇಗೆ?

ಸಕ್ಕರೆನಾಡು, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಜಪಾನಿನಲ್ಲಿ ಕೆಲಸದಲ್ಲಿದ್ದವರು. ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಒಂದು ಪಾಚಿಸ್ಲಾಟ್ ಮೆಷಿನ್ ತಂದರು. ನೋಡಿಲ್ಲದವರಿಗೆ ಹೇಳ್ತೀನಿ: ಮೂರು ರೀಲ್ ಇರುತ್ತೆ, ಲಿವರ್ ತಟ್ಟಿದರೆ ಮೂರೂ ತಿರುಗುತ್ತೆ, ಒಂದೊಂದು ರೀಲಿಗೂ ಒಂದೊಂದು ಬಟನ್, ನಿಲ್ಲಿಸೋದು ಆಡೋರೇ. ಒಂದು ರೀಲಿನ ಮೇಲೆ 21 ಚಿತ್ರ. ಅಲ್ಲಿನ ಆಟದ ಹಾಲ್‌ಗಳಿಗೆ ಹೊಸ ಮಾಡೆಲ್ ಬಂದಾಗ ಹಳೇದನ್ನ ತೆಗೀತಾರೆ, ಅಂಥವು ಮನೆ ಬಳಕೆಗೆ ಮಾರಾಟಕ್ಕೆ ಬರ್ತವೆ. ಇಲ್ಲಿ ದುಡ್ಡಿನ ಮಾತೇ ಇಲ್ಲ. ಜೊತೇಲಿ ಬಂದ 25 ಮಿಲಿಮೀಟರಿನ ಟೋಕನ್ ಹಾಕಿ ಆಡೋದು, ಬಿದ್ದಿದ್ದನ್ನ ಮತ್ತೆ ಡಬ್ಬಕ್ಕೆ ಸುರಿಯೋದು ಅಷ್ಟೇ.

ಭಾವ ಬೆಂಗಳೂರಿನ ಫ್ಲಾಟಿಗೆ ಹೋದ ಮೇಲೆ ಮೆಷಿನ್ ನಮ್ಮ ಮನೇಲೇ ಉಳೀತು. ಮಕ್ಕಳಿಗಿಂತ ಹೆಚ್ಚಾಗಿ ಆಡ್ತಿದ್ದಿದ್ದು ನಮ್ಮವ್ವ. ಊಟ ಆದ ಮೇಲೆ ಸ್ಟೂಲ್ ಎಳ್ಕೊಂಡು ಕೂತರೆ, ಬಟನ್ ಒತ್ತೋ ಲೆಕ್ಕಾಚಾರದಲ್ಲಿ ಅವರನ್ನ ಮೀರಿಸೋರು ಮನೇಲಿ ಯಾರೂ ಇಲ್ಲ. ಸುಗ್ಗಿ ಟೈಮಲ್ಲಿ ಜಾಗ ಸಾಲದೆ ಮೆಷಿನ್ನನ್ನ ಹಿಂದಿನ ರೂಮಿಗೆ, ಭತ್ತದ ಮೂಟೆ ಪಕ್ಕಕ್ಕೆ ಸರಿಸಿದ್ವಿ. ಇಲಿ ಒಳಗೆ ನುಗ್ಗಿದೆ.

ಈಗಿನ ಸ್ಥಿತಿ ಹೀಗಿದೆ. ಪವರ್ ಕೊಟ್ಟರೆ ಲೈಟು, ಸೌಂಡು ಎಲ್ಲ ಬರುತ್ತೆ. ಲಿವರ್ ತಟ್ಟಿದರೆ ಎಡಗಡೇದು, ಮಧ್ಯದ್ದು ಚೆನ್ನಾಗಿ ತಿರುಗುತ್ತೆ. ಬಲಗಡೇದು ಗರ್ರ್ ಅಂತ ನಿಂತಲ್ಲೇ ಅದುರುತ್ತೆ, ಆಮೇಲೆ ಎರರ್ ಬರುತ್ತೆ. ಬಾಗಿಲು ತೆಗೆದು ನೋಡಿದೆ. ಆ ರೀಲಿನ ಹಿಂದಿರೋ ಬಿಳೀ ಪ್ಲಗ್ಗಿನ ಒಂದು ಮೂಲೆ ಚಕ್ಕೆ ಎದ್ದು ಹೋಗಿದೆ. ಹತ್ತು ತೂತಿನ ಪ್ಲಗ್ಗು. ಒಂದು ವೈರು ಪಿನ್ ಸಮೇತ ಈಚೆಗೆ ಬಂದು ನೇತಾಡ್ತಿದೆ, ಇನ್ನೊಂದನ್ನ ಪ್ಲಗ್ಗಿನಿಂದ ಬೆರಳಗಲ ದೂರದಲ್ಲಿ ಇಲಿ ಕಡಿದಿದೆ. ಅಕ್ಕಪಕ್ಕದ ವೈರುಗಳ ಮೇಲೂ ಹಲ್ಲಿನ ಗುರುತಿದೆ, ಪಿನ್ ಒಂದೆರಡು ಹಸಿರಾಗಿದೆ. ಇದು ಸಾಲದು ಅಂತ, ಬಾಗಿಲನ್ನ ಅರ್ಧ ತೆಗೆದಾಗ ಮೂರನೇ ಬಟನ್ನಿನ ಲೈಟ್ ಆರಿ ಹೋಗುತ್ತೆ, ಪೂರ್ತಿ ತೆಗೆದರೆ ಮತ್ತೆ ಬರುತ್ತೆ.

ಪೇಟೆಯಲ್ಲಿ ಒಬ್ಬರು ಮೆಕ್ಯಾನಿಕ್ ಬಂದು ನೋಡಿ, "ಈ ಕನೆಕ್ಟರ್ ಇಲ್ಲಿ ಸಿಗಲ್ಲ, ಎಲ್ಲ ಕಿತ್ತಾಕಿ ವೈರನ್ನ ಸೀದಾ ಬೋರ್ಡಿಗೇ ಸೋಲ್ಡರ್ ಮಾಡಿಬಿಡ್ತೀನಿ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ, ತಡೆ ಹಿಡಿದಿದ್ದೀನಿ. ಈ ಕನೆಕ್ಟರಿಗೆ ಏನಂತ ಕೇಳಬೇಕು? ಕಿತ್ತು ಬಂದ ವೈರು ಯಾವ ತೂತಿಗೆ ಹೋಗಬೇಕು ಅಂತ ಕಂಡುಹಿಡಿಯೋದು ಹೇಗೆ? ಸೋಲ್ಡರ್ ಮಾಡಿಸಿದರೆ ನಿಜವಾಗಲೂ ತೊಂದರೆ ಇದೆಯಾ? ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ, ಎರಡೂ ಬಳಸೋಕೆ ಬರುತ್ತೆ.

ಯುಪಿಎಸ್ ರಿಪೇರಿ, ಮದ್ದೂರು:

ಮೆಕ್ಯಾನಿಕ್ ಹೇಳಿದ್ದು ತಪ್ಪೇನಲ್ಲ ಸಾರ್. ನಾವು ಯುಪಿಎಸ್ ಬೋರ್ಡುಗಳಲ್ಲಿ ಕನೆಕ್ಟರ್ ಸುಟ್ಟು ಹೋದಾಗ ಡೈರೆಕ್ಟ್ ಸೋಲ್ಡರ್ ಮಾಡ್ತೀವಿ, ವರ್ಷಗಟ್ಟಲೆ ಓಡುತ್ತೆ. ಹತ್ತೇ ವೈರಲ್ವಾ, ಒಂದು ಗಂಟೆ ಕೆಲಸ. ಕನೆಕ್ಟರ್ ಬೇಕೇ ಬೇಕು ಅಂದರೆ ಆರ್‌ಎಂಸಿ ಕನೆಕ್ಟರ್ ಕೇಳಿ, ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡೀಲೂ ಸಿಗುತ್ತೆ, ನೋಡೋಕೆ ಹಾಗೇ ಇರುತ್ತೆ.

ಕ್ರಿಂಪಿಂಗ್ ಲೈನ್, ಮೈಸೂರು:

ಮಂಡ್ಯದವರೇ, ನೀವು ತಡೆ ಹಿಡಿದಿದ್ದು ಒಳ್ಳೇದಾಯ್ತು. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವೈರ್ ಹಾರ್ನೆಸ್ (ಪ್ಲಗ್ ಹಾಕಿದ ವೈರಿನ ಕಟ್ಟು) ತಯಾರಿಸೋ ಕಡೆ ಬಹಳ ವರ್ಷ ಕ್ರಿಂಪಿಂಗ್ ಲೈನಲ್ಲಿ, ಅಂದರೆ ವೈರಿನ ತುದಿಗೆ ಲೋಹದ ಪಿನ್ ಅಮುಕಿ ಕೂರಿಸೋ ಕಡೆ, ಇದ್ದವಳು. ಸ್ಲಾಟ್ ಮೆಷಿನ್ ನನ್ನ ಕಸುಬಲ್ಲ, ಆದರೆ ನೀವು ಹೇಳ್ತಿರೋ ಆ ಬಿಳೀ ಪ್ಲಗ್ಗು ನನ್ನ ಅನ್ನ. ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಸೋಲ್ಡರ್ ವಿಷಯ. ಯುಪಿಎಸ್ ಒಂದು ಕಡೆ ಇಟ್ಟರೆ ಅಲ್ಲೇ ಇರುತ್ತೆ, ಒಳಗೆ ಯಾವುದೂ ಅಲುಗಲ್ಲ. ಮದ್ದೂರಿನವರು ಹೇಳಿದ್ದು ಅಲ್ಲಿಗೆ ಸರಿ. ಈ ಮೆಷಿನ್ನಲ್ಲಿ ರೀಲು ತಿರುಗಿ ಗಕ್ಕಂತ ನಿಲ್ಲುತ್ತೆ, ಪ್ರತಿ ಆಟಕ್ಕೂ ಅಷ್ಟು ಸಲ ವೈರು ಕಂಪಿಸುತ್ತೆ. ಎಳೆಎಳೆ ತಂತಿಗೆ ಸೋಲ್ಡರ್ ಹಾಕಿದಾಗ ಸೀಸ ಇನ್ಸುಲೇಷನ್ ಒಳಕ್ಕೂ ಒಂದಷ್ಟು ಏರಿಕೊಳ್ಳುತ್ತೆ. ಏರಿದಷ್ಟು ದೂರ ವೈರು ಕಡ್ಡಿ ಆಗುತ್ತೆ. ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗೋ ಜಾಗ ಇದೆಯಲ್ಲ, ಅಲ್ಲೇ ಮುರಿಯೋದು. ಮೇಲೆ ಇನ್ಸುಲೇಷನ್ ಸರಿಯಾಗೇ ಇರುತ್ತೆ, ಒಳಗೆ ತಂತಿ ಹೋಗಿರುತ್ತೆ, ಹುಡುಕಿ ಹುಡುಕಿ ಸಾಕಾಗುತ್ತೆ. ಇನ್ನೊಂದು ಮಾತು. ಪಾಚಿಸ್ಲಾಟ್‌ನ ಮುಖ್ಯ ಬೋರ್ಡನ್ನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡಿರ್ತಾರೆ, ತೆಗೆದರೆ ಗುರುತು ಉಳಿಯೋ ಹಾಗೆ. ಯಾರೂ ಒಳಗೆ ಕೈ ಹಾಕಿ ಆಟ ತಿದ್ದಬಾರದು ಅಂತ ಜಪಾನಿನಲ್ಲಿ ಆ ಏರ್ಪಾಡು. ನಿಮಗೆ ಆ ಕಾನೂನು ಇಲ್ಲದಿದ್ದರೂ, ಅದನ್ನ ಒಡೆದು ಒಳಗೆ ಐರನ್ ಇಡೋ ಅಗತ್ಯವೇ ಇಲ್ಲ. ಕೆಟ್ಟಿರೋದು ಪ್ಲಗ್ಗು, ಬೋರ್ಡಲ್ಲ.

ರೀಲು ಅದುರೋದು ಒಳ್ಳೇ ಲಕ್ಷಣ. ರೀಲ್ ತಿರುಗಿಸೋದು ಸ್ಟೆಪ್ಪರ್ ಮೋಟರ್. ಅದರ ಕಾಯಿಲ್‌ಗಳಿಗೆ ಒಂದಾದ ಮೇಲೊಂದರಂತೆ ಕರೆಂಟ್ ಹೋದರೆ ಮಾತ್ರ ಅದು ಮುಂದಕ್ಕೆ ಹೆಜ್ಜೆ ಇಡುತ್ತೆ. ಒಂದು ಕಾಯಿಲಿನ ವೈರು ಕಡಿದರೂ ಸಾಕು, ಹಿಂದಕ್ಕೂ ಮುಂದಕ್ಕೂ ಒದ್ದಾಡಿ ಗರ್ರ್ ಅನ್ನುತ್ತೆ. ಅಂದರೆ ಮೋಟರಿಗೆ ಬೇರೆ ವೈರುಗಳಿಂದ ಕರೆಂಟ್ ಬರ್ತಿದೆ, ಬೋರ್ಡು ಬದುಕಿದೆ ಅಂತ ಬಹುಮಟ್ಟಿಗೆ ನಂಬಬಹುದು. ರೀಲು ಚೆನ್ನಾಗಿ ತಿರುಗಿ ಎರರ್ ಬಂದಿದ್ದರೆ ನಾನು ಸೆನ್ಸರ್ (ರೀಲ್ ಎಲ್ಲಿದೆ ಅಂತ ಗುರುತಿಸೋದು) ವೈರು ನೋಡಿ ಅಂತಿದ್ದೆ. ನಿಮ್ಮದು ಅದಲ್ಲ.

ಯಾವ ತೂತು ಅನ್ನೋದಕ್ಕೆ ಉತ್ತರ ಮೆಷಿನ್ನಲ್ಲೇ ಇದೆ. ಪಕ್ಕದಲ್ಲಿ ಇನ್ನೆರಡು ರೀಲ್ ಇವೆ, ಎರಡೂ ಕೆಲಸ ಮಾಡ್ತಿವೆ. ಮೂರಕ್ಕೂ ಒಂದೇ ಥರದ ಮೋಟರ್, ಒಂದೇ ಥರದ ಸೆನ್ಸರ್. ಪ್ಲಗ್ಗಿನಲ್ಲಿ ಬಣ್ಣಗಳ ಸಾಲು ಹೇಗಿದೆ ಅಂತ ಎರಡೂ ರೀಲಿನದ್ದು ಫೋಟೋ ತೆಗೀರಿ, ಮುರಿದ ಪ್ಲಗ್ಗಿನಲ್ಲಿ ಉಳಿದಿರೋ ಎಂಟು ವೈರಿನ ಜೊತೆ ಇಟ್ಟು ನೋಡಿ. ಎಂಟೂ ತಾಳೆ ಆದರೆ ಮಿಕ್ಕ ಎರಡು ತೂತು ತಾವೇ ಹೇಳ್ತವೆ. ಬಣ್ಣದ ಮೇಲೊಂದನ್ನೇ ನೆಚ್ಕೋಬೇಡಿ, ಮೀಟರಿನಲ್ಲೂ ನೋಡಿ: ಪ್ಲಗ್ ಬಿಚ್ಚಿ, ಒಳ್ಳೇ ರೀಲಿನ ಕಾಯಿಲ್‌ಗಳ ಓಮ್ಸ್ ಬರೆದಿಟ್ಟುಕೊಳ್ಳಿ, ಕೆಟ್ಟಿರೋ ರೀಲಿನಲ್ಲೂ ಅದೇ ಜೋಡಿಗಳಿಗೆ ಅದೇ ರೀಡಿಂಗ್ ಬರಬೇಕು. ಪ್ಲಗ್ ಬಿಚ್ಚೋದಕ್ಕೆ ಮುಂಚೆ ಗೋಡೆಯಿಂದ ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಕರೆಂಟ್ ಹರಿಯುವಾಗ ಮೋಟರ್ ಪ್ಲಗ್ ಕಿತ್ತರೆ ಮೋಟರ್ ಓಡಿಸೋ ಡ್ರೈವರ್ ಐಸಿ ಹೋಗಬಹುದು, ಅದು ನಿಜವಾದ ನಷ್ಟ.

ಇನ್ನು ಕನೆಕ್ಟರಿನ ಹೆಸರು. ಕಣ್ಣಳತೆಯಲ್ಲಿ ತರಬೇಡಿ. ಮೊದಲನೇ ಪಿನ್ನಿನ ಮಧ್ಯದಿಂದ ಹತ್ತನೇ ಪಿನ್ನಿನ ಮಧ್ಯಕ್ಕೆ ಅಳೆದು 9ರಿಂದ ಭಾಗಿಸಿ. ಒಟ್ಟು 22.5 ಮಿಲಿಮೀಟರ್ ಬಂದರೆ ಪಿಚ್ (ಪಿನ್ನಿಂದ ಪಿನ್ನಿಗೆ ಇರೋ ದೂರ) 2.5. 22.86 ಬಂದರೆ ಪಿಚ್ 2.54. ಅಂಗಡೀಲಿ ಆರ್‌ಎಂಸಿ, ರಿಲಿಮೇಟ್ ಅಂತ ಕೊಡೋದು 2.54ರದ್ದು. ಜಪಾನಿನ ಜೆಎಸ್‌ಟಿ ಕಂಪನಿಯ ಎಕ್ಸ್‌ಎಚ್ ಅನ್ನೋದು 2.5ರದ್ದು. ಎರಡು ಮೂರು ಪಿನ್ನಿನ ಪ್ಲಗ್ಗಲ್ಲಿ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಹತ್ತು ಪಿನ್ ಆದಾಗ ತುದಿಗೆ ಹೋಗೋ ಹೊತ್ತಿಗೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜರುಗಿರುತ್ತೆ. ಮೇಲಾಗಿ ಹೊರಗಿನ ಕಟ್ಟು, ಗೀರು ಬೇರೆ ಬೇರೆ, ಬೋರ್ಡಿನ ಮೇಲಿರೋ ತೊಟ್ಟಿಯೊಳಗೆ ಕೂರೋದೇ ಇಲ್ಲ. ಅದುಮಿ ಕೂರಿಸಿದರೆ ಬೋರ್ಡಿನ ಪಿನ್ ಬಾಗುತ್ತೆ. ದಯವಿಟ್ಟು ಅದುಮಬೇಡಿ. 2.5ರಲ್ಲೂ ಜೆಎಸ್‌ಟಿಯವರದ್ದೇ ಎಕ್ಸ್‌ಎಚ್ ಇದೆ, ಎಕ್ಸ್‌ಎ ಇದೆ, ಇಎಚ್ ಇದೆ. ಬೆರಳಲ್ಲಿ ಒತ್ತಿ ಬಿಡಿಸೋ ಲಾಕ್ ಇದ್ದರೆ ಎಕ್ಸ್‌ಎ ಇರಬಹುದು. ಒಂದರ ಟರ್ಮಿನಲ್ (ವೈರಿನ ತುದಿಯ ಲೋಹದ ಪಿನ್) ಇನ್ನೊಂದರ ಹೌಸಿಂಗಿಗೆ (ಪ್ಲಗ್ಗಿನ ಪ್ಲಾಸ್ಟಿಕ್ ಕವಚ) ಆಗಲ್ಲ.

ಸಿಕ್ಕ ಮೇಲೆ ಹತ್ತೂ ವೈರು ಕತ್ತರಿಸೋ ಕೆಲಸ ಇಲ್ಲ. ಹಳೇ ಹೌಸಿಂಗಿನ ಒಂದು ಬದಿಯಲ್ಲಿ ಪ್ರತಿ ಪಿನ್ನಿಗೂ ಒಂದು ಪುಟ್ಟ ಕಿಟಕಿ ಇರುತ್ತೆ, ಒಳಗೆ ಲೋಹದ ನಾಲಗೆ ಕಾಣುತ್ತೆ. ಹೊಲಿಗೆ ಸೂಜಿಯ ತುದಿಯಿಂದ ಅದನ್ನ ಮೆಲ್ಲಗೆ ಒತ್ತಿ, ವೈರನ್ನ ಹಿಂದಕ್ಕೆ ಎಳೆದರೆ ಪಿನ್ ತಾನಾಗಿ ಬರುತ್ತೆ. ಒಂದು ಬಿಡಿಸಿ, ಅದನ್ನ ಹೊಸ ಹೌಸಿಂಗಿನ ಅದೇ ನಂಬರಿನ ತೂತಿಗೆ ಹಾಕಿ, ಆಮೇಲೆ ಎರಡನೇದಕ್ಕೆ ಕೈ ಹಾಕಿ. ಎಲ್ಲ ಒಟ್ಟಿಗೆ ಬಿಡಿಸಿದರೆ ಗೊಂದಲ ಖಂಡಿತ. ಹಾಕೋ ಮುಂಚೆ ಅದೇ ಸೂಜಿಯಿಂದ ನಾಲಗೆಯನ್ನ ಒಂಚೂರು ಮೇಲಕ್ಕೆ ಎತ್ತಿ, ಇಲ್ಲದಿದ್ದರೆ ಹಿಡಿಯಲ್ಲ. ಸರಿಯಾಗಿ ಕೂತರೆ ಟಿಕ್ ಅನ್ನುತ್ತೆ, ಎಳೆದರೆ ಬರಲ್ಲ.

ಕಡಿದ ವೈರಿಗೂ ಹಸಿರಾದ ಪಿನ್ನಿಗೂ ಹೊಸ ಟರ್ಮಿನಲ್ ಬೇಕು. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆ. ಮುಂದಿನ ಜೊತೆ ಬರೀ ತಂತಿಯನ್ನ ಹಿಡೀಬೇಕು, ಹಿಂದಿನ ಜೊತೆ ಇನ್ಸುಲೇಷನ್ನನ್ನ. ಮನೆಯಲ್ಲಿ ನೋಸ್ ಪ್ಲೈಯರಲ್ಲಿ ಒತ್ತಿದಾಗ ಆಗೋ ಎಡವಟ್ಟು ಒಂದೇ ಥರ: ಇನ್ಸುಲೇಷನ್ ಮುಂದಿನ ರೆಕ್ಕೆಯೊಳಗೂ ಸೇರಿಕೊಂಡಿರುತ್ತೆ, ಇಲ್ಲವೇ ಸುಲಿಯುವಾಗ ಏಳು ಎಳೇಲಿ ಮೂರು ಕತ್ತರಿಸಿ ಹೋಗಿರುತ್ತೆ. ಒಳ್ಳೇ ಕ್ರಿಂಪಿನಲ್ಲಿ ರೆಕ್ಕೆ ಎರಡೂ ಒಳಕ್ಕೆ ಸುರುಳಿ ಸುತ್ತಿ, ಮುಷ್ಟಿ ಬಿಗಿದ ಹಾಗೆ ಎಳೆಗಳನ್ನ ಅಮುಕಿರುತ್ತೆ, ಗಾಳಿ ಆಡಲ್ಲ. ಗಾಳಿ ಆಡದಿದ್ದರೆ ಹಸಿರು ಕಟ್ಟಲ್ಲ. ಅದಕ್ಕೆ 28ರಿಂದ 20 ಗೇಜ್ ದಪ್ಪದ ವೈರಿಗೆ ಆಗೋ ಕ್ರಿಂಪಿಂಗ್ ಪ್ಲೈಯರ್ ಬೇಕು. ಎಸ್‌ಎನ್-01ಬಿಎಂ ಅಂತ ಸಿಗೋದು ಸಾಕು. ಎರಡು ಮೂರು ಪಿನ್ನಿಗೋಸ್ಕರ ಟೂಲ್ ಬೇಡ ಅನ್ನಿಸಿದರೆ, ಒಂದು ತುದಿಗೆ ಟರ್ಮಿನಲ್ ಕ್ರಿಂಪ್ ಆಗೇ ಬರೋ ವೈರು ಸಿಗುತ್ತೆ. ಅದನ್ನ ತಂದು, ಪ್ಲಗ್ಗಿನಿಂದ ಒಂದು ಗೇಣು ಹಿಂದೆ, ಅಲುಗಾಡದ ಜಾಗದಲ್ಲಿ ಹಳೇ ವೈರಿಗೆ ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಜೋಡಣೆಯ ಎರಡೂ ಬದಿಗೆ ಟೈ ಕಟ್ಟಿ. ಸೋಲ್ಡರ್ ಬೇಡ ಅಂದಿದ್ದು ಪ್ಲಗ್ಗಿನ ಬುಡದಲ್ಲಿ, ಇಲ್ಲಿ ಪರವಾಗಿಲ್ಲ. ವೈರು ಬಿಡಿಯಾಗಿ ತರೋದಾದರೆ 7/36 (ಏಳು ಎಳೆಯದು) ಕೇಳಿ, ಹೆಚ್ಚುಕಮ್ಮಿ 24 ಗೇಜ್ ಆಗುತ್ತೆ. ಇನ್ಸುಲೇಷನ್ ಟೇಪ್ ಸುತ್ತಬೇಡಿ, ನಮ್ಮ ಬೇಸಿಗೆಗೆ ಅಂಟು ಕರಗಿ ಜಾರುತ್ತೆ.

ಬೋರ್ಡಿನ ಕಡೆ ಪಿನ್ ಹಸಿರಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಹಲ್ಲುಜ್ಜೋ ಬ್ರಷ್ ಸಾಕು. ಉಪ್ಪು ಕಾಗದದಿಂದ ಉಜ್ಜಬೇಡಿ, ಮೇಲಿನ ತವರದ ಪದರ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಾಳಾಗುತ್ತೆ.

ಹಳೇ ಟಿವಿ, ಮೈಸೂರು:

ಮೇಡಂ ಎಲ್ಲ ಹೇಳಿದ್ದಾರೆ, ನನ್ನದೊಂದು ಪ್ರಶ್ನೆ. ಮಂಡ್ಯದವರೇ, ಮೆಷಿನ್ನಿಗೆ ಕರೆಂಟ್ ಹೇಗೆ ಕೊಡ್ತಿದ್ದೀರಿ? ಜಪಾನಿನದ್ದು 100 ವೋಲ್ಟ್. ನಮ್ಮಲ್ಲಿ ಸುಲಭವಾಗಿ ಸಿಗೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 110ರದ್ದು, ಅಮೆರಿಕದ ಸಾಮಾನಿಗೆ ಅಂತ ಮಾಡಿದ್ದು. ರಾತ್ರಿ ಹೊತ್ತು ಲೈನ್ 240 ದಾಟಿದರೆ ಅದರ ಔಟ್‌ಪುಟ್ 115ರ ಹತ್ತಿರ ಹೋಗುತ್ತೆ. ಹೊಸ ಪ್ಲಗ್ ಹಾಕಿ ಆನ್ ಮಾಡೋ ಮುಂಚೆ ಔಟ್‌ಪುಟ್ಟನ್ನ ಎಸಿ ರೇಂಜಲ್ಲಿ ಅಳೀರಿ. ಇನ್ನೊಂದು, ಕಡಿಮೆ ಬೆಲೆಯವು ಹೆಚ್ಚಾಗಿ ಆಟೋ ಟ್ರಾನ್ಸ್‌ಫಾರ್ಮರ್. ವೋಲ್ಟೇಜ್ ಇಳಿಸುತ್ತೆ, ಆದರೆ ಮೇನ್ಸ್‌ನಿಂದ ಬೇರ್ಪಡಿಸಲ್ಲ. ಮೇನ್ಸ್ ಕಡೆಯ ವೈರನ್ನೂ ಇಲಿ ಕಡಿದಿದ್ದು, ಅದು ಕ್ಯಾಬಿನೆಟ್ಟಿನ ತಗಡಿಗೆ ತಾಗಿದರೆ ಶಾಕ್ ಹೊಡೆಯಬಹುದು. ಜಪಾನಿನ ಪ್ಲಗ್ಗಿಗೆ ಎರಡೇ ಚಪ್ಪಟೆ ಪಿನ್, ಅರ್ಥಿಂಗ್‌ಗೆ ಹಸಿರು ವೈರು ಪ್ರತ್ಯೇಕವಾಗಿ ಬಿಟ್ಟಿರ್ತಾರೆ. ಅದನ್ನ ಸುಮ್ಮನೆ ಸುತ್ತಿಟ್ಟಿದ್ದರೆ ಮೊದಲು ಮನೆಯ ಅರ್ಥಿಗೆ ಸೇರಿಸಿ. ಅಮ್ಮ ಕೂತು ಆಡೋ ಮೆಷಿನ್ ಅಂದಿರಲ್ಲ, ಅದಕ್ಕೇ ಒತ್ತಿ ಹೇಳ್ತಿದ್ದೀನಿ.

ಸಕ್ಕರೆನಾಡು, ಮಂಡ್ಯ:

ಅಕ್ಕಾ, ಸಾರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲೇತ್ ಅಂಗಡಿ ಸ್ನೇಹಿತನ ಹತ್ತಿರ ವರ್ನಿಯರ್ ತಂದು ಅಳೆದೆ, 22.5 ಬಂತು. ಒತ್ತಿ ಬಿಡಿಸೋ ಲಾಕ್ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗ್ತಿದ್ದ ಭಾವನ ಕೈಲಿ ಎಕ್ಸ್‌ಎಚ್ ಹತ್ತು ಪಿನ್ನಿನ ಹೌಸಿಂಗು, ಕ್ರಿಂಪ್ ಆಗಿರೋ ವೈರು ತರಿಸಿದೆ. ಎಂಟು ಬಣ್ಣ ಎರಡೂ ರೀಲಿಗೆ ಸರಿಯಾಗಿ ತಾಳೆ ಆಯ್ತು, ಓಮ್ಸ್ ಕೂಡ. ಅರ್ಥಿಂಗ್ ವೈರು ಸಾರ್ ಹೇಳಿದ ಹಾಗೇ ಕಟ್ಟಿಟ್ಟ ಕಟ್ಟಲ್ಲೇ ಇತ್ತು, ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದ್ದೀನಿ. ಟ್ರಾನ್ಸ್‌ಫಾರ್ಮರ್ 116 ತೋರಿಸ್ತಿತ್ತು, 100ರದ್ದು, ಮೇನ್ಸ್‌ನಿಂದ ಬೇರ್ಪಡಿಸೋ ಪ್ರತ್ಯೇಕ ಸುತ್ತಿನದ್ದು ಆರ್ಡರ್ ಕೊಟ್ಟಿದ್ದೀನಿ, ಬರೋವರೆಗೆ ಆನ್ ಮಾಡಲ್ಲ. ಈಗ ಬಾಗಿಲ ಕಡೆ ವೈರು ಉಳಿದಿದೆ. ಮೇಲೆ ಎಲ್ಲೂ ಗಾಯ ಕಾಣ್ತಿಲ್ಲ. ಎಲ್ಲಿ ಹುಡುಕಲಿ?

ಕ್ರಿಂಪಿಂಗ್ ಲೈನ್, ಮೈಸೂರು:

ಹಿಂಜಿನ ಹತ್ತಿರ ಹುಡುಕಿ. ಬಾಗಿಲು ತೆಗೆದಾಗಲೆಲ್ಲ ಕಟ್ಟು ಒಂದೇ ಜಾಗದಲ್ಲಿ ಮಡಚುತ್ತೆ, ಒಳಗಿನ ಎಳೆ ಅಲ್ಲೇ ಒಂದೊಂದಾಗಿ ತುಂಡಾಗುತ್ತೆ. ಮೂರನೇ ಬಟನ್ನಿನ ವೈರಿನ ಎರಡೂ ತುದಿ ಬಿಚ್ಚಿ, ಮೀಟರನ್ನ ಕಂಟಿನ್ಯೂಟಿಗೆ ಇಟ್ಟು, ಯಾರಾದರೂ ಪ್ರೋಬ್ ಹಿಡ್ಕೊಂಡಿರಲಿ. ನೀವು ವೈರನ್ನ ಎರಡು ಬೆರಳಿನ ಮಧ್ಯೆ ಇಟ್ಟು, ಒಂದೊಂದು ಇಂಚು ಬಗ್ಗಿಸುತ್ತಾ ಬನ್ನಿ. ಬೀಪ್ ಎಲ್ಲಿ ತಡವರಿಸುತ್ತೋ ಅಲ್ಲೇ ಮುರಿದಿದೆ. ಮುಟ್ಟಿದರೆ ಆ ಜಾಗ ಬೇರೆ ಕಡೆಗಿಂತ ಮೆತ್ತಗಿರುತ್ತೆ, ಒಳಗೆ ತಂತಿ ಇಲ್ಲದ ಕೊಳವೆ ಮಾತ್ರ ಸಿಗುತ್ತೆ. ಎಲ್ಲಕ್ಕೂ ಮುಂಚೆ ಬಟನ್ನಿನ ಪ್ಲಗ್ಗನ್ನ ಒಂದು ಸಲ ನೋಡಿ, ಕ್ರಿಂಪಿನ ಹಿಂದೆಯೇ ಮುರಿದಿರೋದೂ ಉಂಟು.

ಸಿಕ್ಕ ಮೇಲೆ ಅಲ್ಲೇ ಜೋಡಿಸಬೇಡಿ, ಮತ್ತೆ ಅದೇ ಮಡಿಕೆಗೆ ಬರುತ್ತೆ. ಮಡಚೋ ಭಾಗ ಪೂರ್ತಿ ದಾಟೋ ಹಾಗೆ ಒಂದು ಹೊಸ ತುಂಡು ಹಾಕಿ, ಒಂದು ಜೋಡಣೆ ಕ್ಯಾಬಿನೆಟ್ ಕಡೆ, ಇನ್ನೊಂದು ಬಾಗಿಲ ಕಡೆ ಬರಲಿ. ಎಳೆ ಸಣ್ಣಗೆ, ಜಾಸ್ತಿ ಇರೋ ಮೆತ್ತನೆ ವೈರೇ ತನ್ನಿ, ಇಲ್ಲಿಗೆ 7/36ಕ್ಕಿಂತ 14/38 ಚೆನ್ನ. ಬಾಗಿಲು ಪೂರ್ತಿ ತೆಗೆದಾಗಲೂ ಕಟ್ಟು ಬಿಗಿಯಾಗದ ಹಾಗೆ ಒಂದು ಸುತ್ತು ಸಡಿಲ ಬಿಟ್ಟು, ಎರಡೂ ಕಡೆ ಕ್ಲಾಂಪಿಗೆ ಕಟ್ಟಿ. ಕಟ್ಟಿನಲ್ಲಿ ಇನ್ನೂ ಎರಡು ಮೂರು ವೈರು ಅದೇ ವಯಸ್ಸಿನವು. ಕೈ ಹಾಕಿದ್ದೀರಿ, ಅವನ್ನೂ ಬಗ್ಗಿಸಿ ಪರೀಕ್ಷೆ ಮಾಡಿಬಿಡಿ.

ಸಕ್ಕರೆನಾಡು, ಮಂಡ್ಯ:

ಸಿಕ್ತು ಅಕ್ಕಾ, ಹಿಂಜಿನ ಮೇಲ್ಗಡೇನೇ. ನೀವಂದ ಹಾಗೇ ಪಕ್ಕದ ಇನ್ನೊಂದು ವೈರೂ ಅರ್ಧ ಹೋಗಿತ್ತು, ಎರಡಕ್ಕೂ ಹೊಸ ತುಂಡು ಹಾಕಿದೆ. ಟ್ರಾನ್ಸ್‌ಫಾರ್ಮರ್ ಬಂತು, 100 ಸರಿಯಾಗಿದೆ. ಮೂರೂ ರೀಲ್ ತಿರುಗ್ತಿವೆ, ಬಾಗಿಲು ಹೇಗೆ ಅಲ್ಲಾಡಿಸಿದರೂ ಲೈಟ್ ಆರ್ತಿಲ್ಲ. ಅವ್ವ ಮಧ್ಯಾಹ್ನದಿಂದ ಎದ್ದಿಲ್ಲ. ಮೆಷಿನ್ ಮತ್ತೆ ಹಾಲಿಗೆ ಬಂದಿದೆ. ಇಲಿಗೆ ಏನು ಮಾಡೋದು? ಒಳಗೆ ಪಾಷಾಣ ಇಡೋಣ ಅಂತಿದ್ದಾರೆ ಮನೇಲಿ.

ಹಳೇ ಟಿವಿ, ಮೈಸೂರು:

ಒಳಗೆ ಪಾಷಾಣ ಬೇಡವೇ ಬೇಡ. ಟೋಕನ್ ಮುಟ್ಟಿದ ಕೈ ಮಕ್ಕಳ ಬಾಯಿಗೆ ಹೋಗುತ್ತೆ, ತಿಂದ ಇಲಿ ಒಳಗೇ ಸತ್ತರೆ ಅದು ಇನ್ನೊಂದು ಕಷ್ಟ. ಹಿಂಭಾಗದಲ್ಲಿ ವೈರು ಹೊರಗೆ ಬರೋ ತೂತು ಇರುತ್ತೆ, ಇಲಿ ಬರೋ ದಾರಿ ಅದೇ. ಹಾರ್ಡ್‌ವೇರ್ ಅಂಗಡೀಲಿ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ತಂದು ಸ್ಕ್ರೂ ಹಾಕಿ ಮುಚ್ಚಿ. ಗಾಳಿ ಆಡೋ ಸೀಳುಗಳಿಗೂ ಜಾಲರಿಯೇ ಹಾಕಿ, ರಟ್ಟು ಹಾಕಿದರೆ ಒಳಗೆ ಬಿಸಿ ಕಟ್ಟುತ್ತೆ. ಕತ್ತರಿಸಿದ ಜಾಲರಿಯ ಅಂಚು ಚೂಪಾಗಿರುತ್ತೆ, ಪವರ್ ಕಾರ್ಡ್ ಹಾದು ಹೋಗೋ ಕಡೆ ಅಂಚು ಮಡಚಿ, ಒಂದು ರಬ್ಬರ್ ಬುಷ್ ಕೂರಿಸಿಬಿಡಿ.